ನೇಮಕಾತಿಯ ಷರಾಗಳಿಗೆ ಆಧಾರ ಕೇಳಿದ ಮೇಲೆ

ಸಾಫ್ಟ್‌ವೇರ್ ತಂಡವೊಂದರ ಹೊಣೆ ನನ್ನ ಪಾಲಿಗೆ ಬಂದಾಗ ನೇಮಕಾತಿಯ ಹಳೆಯ ಕಡತಗಳನ್ನು ಓದಿದೆ. ತಿರಸ್ಕೃತರಾದ ಹಲವರ ಹೆಸರಿನ ಮುಂದೆ ‘ಕೆಲಸ ಬಲ್ಲರು, ಆದರೆ ತಂಡಕ್ಕೆ ಹೊಂದಿಕೊಳ್ಳಲಾರರು’ ಎಂಬ ಷರಾ ಇತ್ತೇ ಹೊರತು, ಯಾವ ಉತ್ತರ ಕೇಳಿ ಹಾಗೆನಿಸಿತು ಎಂಬುದು ಎಲ್ಲಿಯೂ ಇರಲಿಲ್ಲ. ತಾರತಮ್ಯ ಮಾಡಲೆಂದು ಯಾರೂ ಹೊರಟಿರಲಿಲ್ಲ. ತಮ್ಮಂತೆಯೇ ಮಾತನಾಡುವವರೊಡನೆ ಸಂದರ್ಶಕರಿಗೆ ಮಾತು ಸಲೀಸಾಗುತ್ತಿತ್ತು, ಆ ಸಲೀಸೇ ಅಂಕವಾಗುತ್ತಿತ್ತು.

ಯಂತ್ರಕ್ಕೆ ಪಕ್ಷಪಾತವಿಲ್ಲ, ಅರ್ಜಿಗಳನ್ನು ಅದೇ ಸೋಸಲಿ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಅಮೆಜಾನ್ ಇಂಥದ್ದೇ ಪ್ರಯೋಗ ನಡೆಸಿ ಕೈಬಿಟ್ಟದ್ದನ್ನು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತ್ತು: ಹತ್ತು ವರ್ಷಗಳ ಅರ್ಜಿಗಳಿಂದ ಕಲಿತ ಆ ವ್ಯವಸ್ಥೆ, ಅವುಗಳಲ್ಲಿ ಬಹುಪಾಲು ಗಂಡಸರದೇ ಆಗಿದ್ದುದರಿಂದ, ‘ಮಹಿಳೆಯರ’ ಎಂಬ ಪದವಿದ್ದ ರೆಸ್ಯೂಮೆಗಳನ್ನು ಕೆಳಕ್ಕೆ ತಳ್ಳುತ್ತಿತ್ತು. ನಮ್ಮ ಷರಾಗಳಿಂದ ಯಂತ್ರ ಇನ್ನೇನು ಕಲಿತೀತು?

ಬದಲಿಗೆ, ಒಂದು ಹುದ್ದೆಗೆ ಬಂದವರಿಗೆಲ್ಲ ಒಂದೇ ಪ್ರಶ್ನೆಗಳನ್ನು ಇಟ್ಟುಕೊಂಡು, ಉತ್ತಮ ಉತ್ತರ ಹೇಗಿರಬೇಕು, ಕಳಪೆ ಯಾವುದು ಎಂಬುದನ್ನು ಮೊದಲೇ ಬರೆದಿಟ್ಟೆವು. ಸಂದರ್ಶಕರು ಪರಸ್ಪರ ಚರ್ಚಿಸುವ ಮುನ್ನವೇ ಅಂಕವನ್ನೂ, ಅದಕ್ಕೆ ಆಧಾರವಾಗಿ ಅಭ್ಯರ್ಥಿ ಆಡಿದ ಮಾತನ್ನೂ ದಾಖಲಿಸಬೇಕಿತ್ತು. ಚರ್ಚೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತನಾಡುವಂತೆ ನೋಡಿಕೊಂಡೆ, ಏಕೆಂದರೆ ಹಿರಿಯರು ಬಾಯಿ ತೆರೆದ ಮೇಲೆ ಉಳಿದವರ ಅಭಿಪ್ರಾಯ ಅತ್ತಲೇ ವಾಲುತ್ತದೆ. ಒಬ್ಬ ಅಭ್ಯರ್ಥಿಯ ಬಗ್ಗೆ ‘ಆತ್ಮವಿಶ್ವಾಸ ಸಾಲದು’ ಎಂದು ಬರೆದವರಲ್ಲಿ ಆಧಾರ ಕೇಳಿದೆ. ಉತ್ತರಿಸುವ ಮುನ್ನ ಆಕೆ ಕೆಲ ಹೊತ್ತು ಸುಮ್ಮನಿದ್ದರು ಎಂಬುದಷ್ಟೇ ಸಿಕ್ಕಿತು. ಆ ಮೌನದ ಬಳಿಕ ಆಕೆ, ಒಂದೇ ದಾಖಲೆಯನ್ನು ಇಬ್ಬರು ಏಕಕಾಲಕ್ಕೆ ತಿದ್ದಿದರೆ ಯಾರದು ಉಳಿಯಬೇಕು ಎಂದು ನಮ್ಮನ್ನೇ ಕೇಳಿದ್ದರು. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಷರಾವನ್ನು ಹೊಡೆದುಹಾಕಿದೆವು.

ಸಮಾನ ಪ್ರಶ್ನೆಯೆಂದರೆ ಸಮಾನ ಸಲಕರಣೆಯೆಂದಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಅಂಧ ಅಭ್ಯರ್ಥಿಯೊಬ್ಬರು ನಮ್ಮ ಆನ್‌ಲೈನ್ ಕೋಡಿಂಗ್ ಪರೀಕ್ಷೆಯ ಎಡಿಟರ್‌ನೊಳಗೆ ಸಿಲುಕಿಕೊಂಡರು: ಮುಂದಿನ ಗುಂಡಿಗೆ ಸಾಗಲೆಂದು ಟ್ಯಾಬ್ ಕೀ ಒತ್ತಿದಷ್ಟೂ ಖಾಲಿ ಜಾಗ ಬೆಳೆಯುತ್ತಿತ್ತು, ‘ಸಲ್ಲಿಸಿ’ ಗುಂಡಿಯನ್ನು ತಲುಪಲು ಕೀಬೋರ್ಡಿನಲ್ಲಿ ದಾರಿಯೇ ಇರಲಿಲ್ಲ. ಕೀಬೋರ್ಡ್ ಬಳಕೆದಾರರು ಹೀಗೆ ಸಿಲುಕಬಾರದೆಂಬುದು ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯ ಕನಿಷ್ಠ ಹಂತದ ಷರತ್ತು. ಅವರು ತಮ್ಮದೇ ಎಡಿಟರ್‌ನಲ್ಲಿ ಬರೆದು ಕಡತ ಕಳುಹಿಸಿದರು. ಮುಂದೆ ಆ ಆಯ್ಕೆಯನ್ನು, ಕಾರಣ ಕೇಳದೆ, ಎಲ್ಲರಿಗೂ ಕೊಟ್ಟೆವು.

ಸಂದರ್ಶನ ಸಪ್ಪೆಯಾಯಿತೆಂದು ಕೆಲವರು ಗೊಣಗಿದರು. ಸಪ್ಪೆಯಾಗಿರಲಿ ಎಂಬುದೇ ನನ್ನ ಅಭಿಪ್ರಾಯ. ಹರಟೆಗೆ ಬೇರೆ ಹೊತ್ತಿದೆ. ಈಗ ಬಡ್ತಿಯ ಶಿಫಾರಸುಗಳಿಗೂ ಅದೇ ನಮೂನೆಯನ್ನು ಬಳಸುತ್ತಿದ್ದೇವೆ. ಅಲ್ಲಿ ‘ನಾಯಕತ್ವದ ಗುಣವಿದೆ’ ಎಂಬ ಹೊಗಳಿಕೆಗೂ ಆಧಾರ ಬರೆಯಲೇಬೇಕು.