ಹೊಸದಾಗಿ ಮ್ಯಾನೇಜರ್ ಆದ್ರಾ? ಗದ್ದೆಯಿಂದ ಮೇಲೆ ಬನ್ನಿ

ಮಾಲೂರಿನಿಂದ ಬೆಳಗಿನ ಟ್ರೇನ್ ಹಿಡಿದು, ವೈಟ್‌ಫೀಲ್ಡ್‌ನಲ್ಲಿ ಇಳಿದು, ಅಲ್ಲಿಂದ ಮೆಟ್ರೋದಲ್ಲಿ ಆಫೀಸಿಗೆ ಹೋಗುವ ನಮ್ಮ ಗುಂಪಿನಲ್ಲಿ ಈ ವರ್ಷ ಇಬ್ಬರು ಮ್ಯಾನೇಜರ್ ಆದರು. ಇಬ್ಬರೂ ಕೋಡ್ ಬರೆಯೋದರಲ್ಲಿ ಗಟ್ಟಿಗರು. ಒಂದೇ ತಿಂಗಳಿಗೆ ಇಬ್ಬರ ಮುಖವೂ ಬಾಡಿಹೋಯಿತು. "ಅಣ್ಣಾ, ದಿನವೆಲ್ಲ ಮೀಟಿಂಗು, ಸಂಜೆ ಲೆಕ್ಕ ಹಾಕಿದರೆ ಒಂದು ಕೆಲಸವೂ ಆಗಿರಲ್ಲ" ಅಂತ ಒಬ್ಬ ಗೋಳಾಡಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೋಲಾರದ ಕಡೆಯವರಿಗೆ ನೀರುಗಂಟಿ ಅಂದರೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು. ನೀರು ಬಿಡುವ ಹೊತ್ತಲ್ಲಿ ಅವನೇ ಗದ್ದೆಗಿಳಿದು ನಾಟಿ ಹಾಕುತ್ತಾ ಕೂತರೆ ಕಾಲುವೆ ಒಡೆದದ್ದು ಯಾರಿಗೆ ಗೊತ್ತಾಗಬೇಕು? ಸುಗ್ಗಿಯಲ್ಲಿ ರೈತರು ಅಳೆದು ಕೊಡುತ್ತಿದ್ದ ಕಾಳೇ ಅವನ ಕೂಲಿ. ನಿಮ್ಮ ಹೊಸ ಕೆಲಸವೂ ಅದೇ. ಟೀಮಿನ ಬೆಳೆಯೇ ನಿಮ್ಮ ಬೆಳೆ.

ಹಾಗಾಗಿ ಮೊದಲು, ಯಾವ ಕೋಡ್ ಮುಗಿಯದೆ ರಿಲೀಸ್ (ಬಳಕೆದಾರರಿಗೆ ಬಿಡುಗಡೆ) ಆಗಲ್ವೋ, ಅದನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಟೀಮಿನವರ ಕೋಡ್ ರಿವ್ಯೂ ಮಾಡಿ, ಯಾರೂ ಕಾಯದ ಸಣ್ಣ ಬಗ್ ಸರಿಮಾಡಿ, ಅಷ್ಟು ಸಾಕು. ಮುಖ್ಯ ಫೀಚರ್ ನೀವೇ ಹಿಡಿದು ಕೂತರೆ, ಮಧ್ಯೆ ನಾಲ್ಕು ಮೀಟಿಂಗ್ ಬಂದು, ನಿಮ್ಮ ಕೋಡಿಗಾಗಿ ಮೂರು ಜನ ಎರಡು ದಿನ ಸುಮ್ನೆ ಕೂರುತ್ತಾರೆ. ಮ್ಯಾನೇಜರ್‌ಗಳಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ಗೂಗಲ್ 2008ರ ಸುಮಾರಿಗೆ ತನ್ನದೇ ರೇಟಿಂಗ್, ಸರ್ವೇಗಳನ್ನು ಕೆದಕಿ ನೋಡಿತ್ತು. ಅದಕ್ಕೆ ಪ್ರಾಜೆಕ್ಟ್ ಆಕ್ಸಿಜನ್ ಅಂತ ಹೆಸರು. ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಕಂಡ ಎಂಟು ಗುಣಗಳಲ್ಲಿ ಮೊದಲನೆಯದು ಜನರನ್ನು ತಿದ್ದಿ ಬೆಳೆಸೋದು, ಎಂಟನೆಯದು ತಾಂತ್ರಿಕ ಜ್ಞಾನ. ಎಂಟನೆಯದು ಅಂದರೆ ಬೇಡ ಅಂತಲ್ಲ, ಪಟ್ಟಿಯಲ್ಲಂತೂ ಇದೆ.

ಆಮೇಲೆ ಒನ್-ಆನ್-ಒನ್, ಅಂದರೆ ಟೀಮಿನ ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಕೂತು ಮಾತಾಡೋದು. ವಾರಕ್ಕೊಮ್ಮೆ, ಒಬ್ಬೊಬ್ಬರಿಗೆ 30 ನಿಮಿಷ. ಎಂಟು ಜನ ಇದ್ದರೆ ನಾಲ್ಕು ಗಂಟೆ ಹೋಯಿತು ಅಂತ ಹೊಟ್ಟೆ ಉರಿಯುತ್ತೆ, ಉರಿಯಲಿ. ಮುಂದೂಡಿ, ಆದರೆ ಕ್ಯಾನ್ಸಲ್ ಮಾಡಬೇಡಿ. ಅಲ್ಲಿ ಕೂತು ಜೀರಾ (ಯಾರ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುವ ಸಾಫ್ಟ್‌ವೇರ್) ಟಿಕೆಟ್‌ಗಳ ಸ್ಟೇಟಸ್ ಕೇಳಬೇಡಿ, ಅದನ್ನು ಜೀರಾದಲ್ಲೇ ನೋಡಬಹುದು. ನಾನು ಕೇಳುವ ಮೊದಲ ಪ್ರಶ್ನೆ "ಯಾವುದಕ್ಕಾಗಿ, ಯಾರಿಗಾಗಿ ಕಾಯ್ತಾ ಇದ್ದೀಯ?" ಪಕ್ಕದ ಟೀಮಿನ ಅನುಮತಿಗೋ, ಟೆಸ್ಟ್ ಸರ್ವರಿಗೋ, ಕೆಲವೊಮ್ಮೆ ನನ್ನ ಒಂದು ಇಮೇಲ್‌ಗೋ ಕಾಯುತ್ತಿರುತ್ತಾರೆ. ಅದನ್ನು ಬಿಡಿಸಿಕೊಟ್ಟರೆ ಆ ವಾರದ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಕಾಲುವೆಯ ಕೊನೆಯ ಗದ್ದೆಗೆ ನೀರು ಸಿಗೋದು ಯಾವಾಗಲೂ ಕಷ್ಟ. ಟೀಮಿನಲ್ಲೂ ಅಂಥವರು ಇರುತ್ತಾರೆ. ನಮ್ಮ ಊರುಗಳ ಕಡೆಯಿಂದ ಬಂದ ಎಷ್ಟೋ ಹುಡುಗ ಹುಡುಗಿಯರಿಗೆ ಕೆಲಸ ಚೆನ್ನಾಗಿ ಬರುತ್ತೆ, ಆದರೆ ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡುವವರ ಮಧ್ಯೆ ಬಾಯಿ ಬಿಡಲ್ಲ. ಚರ್ಚೆಯ ವಿಷಯವನ್ನು ಹಿಂದಿನ ದಿನವೇ ಬರೆದು ಕಳಿಸಿ, ಮೀಟಿಂಗಿನಲ್ಲಿ ಮೊದಲು ಅವರನ್ನೇ ಕೇಳಿ. ಒನ್-ಆನ್-ಒನ್‌ನಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿದರೆ ಮನಸ್ಸು ಬಿಚ್ಚುತ್ತಾರೆ. ಆದರೆ ಆ ಭಾಷೆ ಬಾರದ ಮೂರನೆಯವರು ಎದುರಿಗಿದ್ದಾಗ ಬೇಡ, ಇವರು ನಮ್ಮನ್ನು ಹೊರಗಿಟ್ಟರು ಅನ್ನಿಸಿಬಿಡುತ್ತೆ.

ಇನ್ನು ಅಪ್ರೈಸಲ್, ಅಂದರೆ ವರ್ಷದ ಕೆಲಸ ನೋಡಿ ರೇಟಿಂಗ್ ಕೊಡೋದು. ಇಲ್ಲಿ ನಾನೇ ಒಮ್ಮೆ ಕೆಟ್ಟದಾಗಿ ಎಡವಿದ್ದೇನೆ. ಒಬ್ಬ ಹುಡುಗನ ಕೋಡಿನಲ್ಲಿ ಮತ್ತೆ ಮತ್ತೆ ಒಂದೇ ತಪ್ಪು. ಪಾಪ, ಬೇಜಾರಾಗುತ್ತೆ ಅಂತ ಎಂಟು ತಿಂಗಳು ಸುಮ್ಮನಿದ್ದು, ರೇಟಿಂಗ್ ಕೊಡುವ ದಿನ ಹೇಳಿದೆ. "ಮೊದಲೇ ಯಾಕೆ ಹೇಳಲಿಲ್ಲ ಸಾರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಕಂಡ ವಾರವೇ, ಒಬ್ಬರೇ ಇದ್ದಾಗ, ಇಂಥ ದಿನ ಇಂಥ ಕಡೆ ಹೀಗಾಯ್ತು ಅಂತ ನೇರವಾಗಿ ಹೇಳುತ್ತೇನೆ. "ಇನ್ನೂ ಸುಧಾರಿಸಬೇಕು" ಅನ್ನೋದು ಯಾರಿಗೂ ಅರ್ಥವಾಗದ ಮಾತು.

ಕ್ಯಾಲಿಬ್ರೇಷನ್ ಮೀಟಿಂಗ್ ಬಗ್ಗೆ ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಡಲ್ಲ. ನೀವು ಕೊಟ್ಟ ರೇಟಿಂಗೇ ಕೊನೆ ಅಲ್ಲ. ಐದಾರು ಮ್ಯಾನೇಜರ್‌ಗಳು ಸೇರಿ ಎಲ್ಲರ ಜನರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಿಮ್ಮವರು ಅಲ್ಲಿ ಇರಲ್ಲ, ಅವರ ಪರ ಮಾತಾಡಲು ಇರೋದು ನೀವೊಬ್ಬರೇ. ಇಂತಿಷ್ಟು ಜನರಿಗೆ ಕೆಳಗಿನ ರೇಟಿಂಗ್ ಕೊಡಲೇಬೇಕು ಅನ್ನುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಆದರೆ ಆ ಲೆಕ್ಕ ಇಲ್ಲದ ಕಡೆಯೂ ಇನ್‌ಕ್ರಿಮೆಂಟಿನ ದುಡ್ಡಿಗೆ ಒಂದು ಮಿತಿ ಇದ್ದೇ ಇರುತ್ತೆ. ಅಲ್ಲಿ "ಒಳ್ಳೆ ಹುಡುಗಿ, ಕಷ್ಟಪಡ್ತಾಳೆ" ಅಂದರೆ ನಡೆಯಲ್ಲ. ಏನು ಮಾಡಿದಳು, ಅದರಿಂದ ಏನು ಬದಲಾಯಿತು ಅಂತ ಹೇಳಬೇಕು. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಹೆಸರಿನ ಮುಂದೆ ಎರಡು ಸಾಲು ಬರೆದಿಡಿ. ನಾನು ವೈಟ್‌ಫೀಲ್ಡ್ ಬರುವಷ್ಟರಲ್ಲಿ, ಸೀಟು ಸಿಕ್ಕರೆ, ಇದನ್ನು ಮುಗಿಸುತ್ತೇನೆ.

ಕ್ಯಾಲಿಫೋರ್ನಿಯಾದ ಬೆಳಗ್ಗೆ 8 ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ಅಲ್ಲಿಯವರ ಜೊತೆ ಆ ಹೊತ್ತಿಗೆ ಕಾಲ್ ಇದ್ದರೆ ಇಡೀ ಟೀಮನ್ನು ಎಳೆಯಬೇಡಿ. ಒಬ್ಬರು ಹೋಗಿ, ಆದ ತೀರ್ಮಾನ ಬರೆದು ಹಾಕಲಿ.

ಮೇಲಿನವರು ಹೊಸ ಕೆಲಸ ತಂದಾಗ "ಆಗಲ್ಲ" ಅನ್ನಲು ಭಯ ಇದ್ದೇ ಇರುತ್ತೆ. ನಾನು ಆ ಪದ ಬಳಸಲ್ಲ. "ಸರಿ, ಇದನ್ನು ಮೊದಲು ಮಾಡ್ತೀವಿ, ಈ ಮೂರರಲ್ಲಿ ಯಾವುದನ್ನು ಮುಂದಕ್ಕೆ ಹಾಕಲಿ?" ಅಂತ ಮೇಲ್‌ನಲ್ಲಿ ಕೇಳುತ್ತೇನೆ. ಅರ್ಧ ಸಲ ಹೊಸ ಕೆಲಸವೇ ಮುಂದಕ್ಕೆ ಹೋಗುತ್ತೆ.

ಗೋಳಾಡಿದ ಆ ತಮ್ಮ ಹೋದ ವಾರ ತನ್ನ ಫೀಚರನ್ನು ಟೀಮಿನ ಹುಡುಗಿಯೊಬ್ಬಳಿಗೆ ಬಿಟ್ಟುಕೊಟ್ಟನಂತೆ. ರಾತ್ರಿ ಮಾತ್ರ ಅವಳ ಕೋಡನ್ನು ಎರಡು ಸಲ ಕದ್ದು ನೋಡಿದನಂತೆ.