ಮನೇಲೇ ಎಸ್ಟೀಮ್ ಇಂಜಿನ್ ಕಟ್ಟೋರಿಗೆ: ಮೊದಲು ಅಳತೆ, ಆಮೇಲೆ ಪವರ್ರು

ಹಳೇ ಮಾರುತಿ ಎಸ್ಟೀಮ್ ತಗೊಂಡು ಆಟೋಕ್ರಾಸ್‌ಗೆ (ಸಣ್ಣ ಟ್ರ್ಯಾಕಲ್ಲಿ ಟೈಮ್ ನೋಡಿ ಓಡಿಸೋ ಕಾರ್ ಸ್ಪರ್ಧೆ) ಇಂಜಿನ್ ಕಟ್ಬೇಕು ಅನ್ನೋರೆಲ್ಲ ಮೊದಲು ಕೇಳೋದೇ "ಬೋರ್ ಮಾಡ್ಸಿದ್ರೆ ಎಷ್ಟು ಪವರ್ ಬರತ್ತೆ" ಅಂತ. ಬೋರ್ ಅಂದ್ರೆ ಸಿಲಿಂಡರಿನ ಅಗಲ, ಅದನ್ನ ಕೊರೆದು ದೊಡ್ಡದು ಮಾಡೋದೇ ಬೋರ್ ಮಾಡ್ಸೋದು. ಲೆಕ್ಕ ಹಾಕಿ ನೋಡಿ. ಇದರ ಜಿ13 ಇಂಜಿನ್ ಬೋರ್ 74 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 75.5, ಒಟ್ಟು 1298 ಸಿಸಿ. 0.50 ಮಿಮೀ ಓವರ್‌ಸೈಜ್ ಪಿಸ್ಟನ್ ಹಾಕಿದ್ರೂ 1316 ಆಗತ್ತೆ, ಅಂದ್ರೆ ಬರೋದು 18 ಸಿಸಿ. ಅದು ಓಡ್ಸುವಾಗ ಗೊತ್ತೂ ಆಗಲ್ಲ. ಲೈನರ್ (ಸಿಲಿಂಡರಿನ ಒಳಗೋಡೆ) ಸವೆದು ಓವಲ್ ಆಗಿದ್ರೆ ಬೋರ್ ಮಾಡ್ಸಿ, ಇಲ್ಲಾಂದ್ರೆ ಹೋನಿಂಗ್ (ಒಳಗೋಡೆಯನ್ನ ಸಾಣೆಕಲ್ಲಿಂದ ನವಿರಾಗಿ ಉಜ್ಜೋದು) ಸಾಕು. ಆ ದುಡ್ಡನ್ನ ಮೈಕ್ರೋಮೀಟರ್, ಬೋರ್ ಗೇಜ್, ಒಳ್ಳೆ ಟಾರ್ಕ್ ರೆಂಚ್ ಮೇಲೆ ಹಾಕಿ. ಬೆಂಗಳೂರಲ್ಲಿದ್ರೆ ಟೂಲ್ಸ್‌ಗೆ ಎಸ್‌ಜೆಪಿ ರೋಡು, ಸ್ಪೇರ್ಸ್‌ಗೆ ಜೆಸಿ ರೋಡು, ಎರಡೂ ಒಂದೇ ಸುತ್ತಲ್ಲಿ ಮುಗಿಯತ್ತೆ.

ಬಿಚ್ಚೋಕೆ ಮುಂಚೆ ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಚೆಕ್ ಮಾಡಿ ಬರೆದಿಟ್ಕೊಳ್ಳಿ. ಇಂಜಿನ್ ಇಳಿಸೋಕೆ ಚೈನ್ ಪುಲ್ಲಿ ಬಾಡಿಗೆಗೆ ಸಿಗತ್ತೆ, ಆದ್ರೆ ಅದನ್ನ ಕಾರ್ ಶೆಡ್ಡಿನ ಶೀಟ್ ಹೊತ್ತಿರೋ ಪೈಪಿಗೆ ಮಾತ್ರ ನೇತು ಹಾಕ್ಬೇಡಿ ಮಾರಾಯ್ರೆ, ಸ್ಟ್ಯಾಂಡ್ ಸಮೇತ ತನ್ನಿ. ಹೆಡ್ ಬೋಲ್ಟ್‌ಗಳನ್ನ ಹೊರಗಿನಿಂದ ಒಳಗೆ ಸ್ವಲ್ಪ ಸ್ವಲ್ಪವೇ ಲೂಸ್ ಮಾಡ್ತಾ ಬನ್ನಿ. ಕನೆಕ್ಟಿಂಗ್ ರಾಡ್ ಕ್ಯಾಪು, ಮೇನ್ ಕ್ಯಾಪು ಯಾವುದು ಯಾವ ಸಿಲಿಂಡರ್ದು, ಯಾವ ಮುಖ ಮುಂದಕ್ಕೆ ಅಂತ ಮಾರ್ಕ್ ಮಾಡದೆ ಒಂದನ್ನೂ ತೆಗೀಬೇಡಿ. ಅವನ್ನ ಫ್ಯಾಕ್ಟರಿಲಿ ಜೋಡಿ ಜೋಡಿಯಾಗೇ ಮಷೀನ್ ಮಾಡಿರ್ತಾರೆ, ಅದಲು ಬದಲಾದ್ರೆ ರಂಧ್ರ ರೌಂಡ್ ಇರಲ್ಲ, ಬೇರಿಂಗ್ ಉಳಿಯಲ್ಲ.

ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು, ಹೆಡ್ ಫೇಸಿಂಗು (ಹೆಡ್ಡಿನ ತಳ ಸಮ ಮಾಡೋದು) ಮನೇಲಿ ಆಗೋ ಕೆಲ್ಸ ಅಲ್ಲ. ಲೇತ್ ಶಾಪಿಗೆ ಬ್ಲಾಕ್ ಒಂದನ್ನೇ ಕಳಿಸಬೇಡಿ, ಹೊಸ ಪಿಸ್ಟನ್ ಜೊತೆಗೇ ಕೊಡಿ. ಒಂದೊಂದು ಪಿಸ್ಟನ್ ಅಳೆದು ಅದಕ್ಕೆ ತಕ್ಕಂಗೆ ಬೋರ್ ಮಾಡಿ, ಯಾವುದು ಯಾವ ಸಿಲಿಂಡರ್‌ಗೆ ಅಂತ ನಂಬರ್ ಹಾಕ್ಕೊಡಿ ಅಂತ ಹೇಳಿ. ವಾಪಸ್ ಬಂದ್ಮೇಲೆ ನೀವೇ ಒಂದ್ಸಲ ಅಳೀರಿ, ಅವರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಈಗ ತೊಳೆಯೋದು. ಡೀಸೆಲ್‌ನಲ್ಲಿ ಒರೆಸಿ ಬಿಡೋದು ನಮ್ಮ ಕಡೆ ಅಭ್ಯಾಸ, ಅದು ಸಾಲಲ್ಲ, ಹೋನಿಂಗ್ ಪುಡಿ ಲೈನರಿನ ಸಣ್ಣ ಗೀರುಗಳ ಒಳಗೇ ಕೂತಿರತ್ತೆ. ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಾಟಲ್ ಬ್ರಷ್ಷು ತಗೊಂಡು ಆಯಿಲ್ ಹೋಗೋ ಎಲ್ಲಾ ತೂತುಗಳಲ್ಲೂ ಬ್ರಷ್ ಆಡ್ಸಿ, ಏರ್ ಹೊಡೆದು, ತಕ್ಷಣ ಆಯಿಲ್ ಸವರಿ, ಯಾಕಂದ್ರೆ ಬ್ಲಾಕ್ ಅಲ್ಯುಮಿನಿಯಂ ಆದ್ರೂ ಒಳಗಿನ ಲೈನರ್ ಕಬ್ಬಿಣದ್ದು, ನೋಡ್ತಾ ನೋಡ್ತಾ ತುಕ್ಕು ಹಿಡಿಯತ್ತೆ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಲೈನರ್ ಒರೆಸಿ ನೋಡಿ, ಬೂದು ಬಣ್ಣ ಬಂತು ಅಂದ್ರೆ ಮತ್ತೆ ತೊಳೀರಿ.

ಪಿಸ್ಟನ್ ರಿಂಗಿನ ಎರಡು ತುದಿ ನಡುವಿನ ಗ್ಯಾಪಿಗೆ ರೂಢಿಯ ಲೆಕ್ಕ, ಬೋರ್ ಒಂದು ಇಂಚಿಗೆ 4 ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದ್ರೆ ಇಲ್ಲಿ ಸುಮಾರು 0.30 ಮಿಮೀ. ರಿಂಗನ್ನ ಬೋರಿಗೆ ಹಾಕಿ, ಪಿಸ್ಟನ್ನಿಂದ ನೇರವಾಗಿ ತಳ್ಳಿ, ಫೀಲರ್ ಗೇಜ್ ಇಟ್ಟು ನೋಡಿ. ಸ್ವಲ್ಪ ಜಾಸ್ತಿ ಇದ್ರೆ ಇಂಜಿನ್ ಸಾಯಲ್ಲ, ಕಮ್ಮಿ ಇದ್ರೆ ಬಿಸಿಗೆ ತುದಿ ತುದಿ ತಾಗಿ ರಿಂಗೋ ಪಿಸ್ಟನ್ನೋ ಮುರಿಯತ್ತೆ. ಬೇರಿಂಗ್‌ಗೆ ಪ್ಲಾಸ್ಟಿಗೇಜ್ (ಒತ್ತಿದ್ರೆ ಚಪ್ಪಟೆಯಾಗೋ ಪ್ಲಾಸ್ಟಿಕ್ ಎಳೆ, ಅದರ ಅಗಲ ನೋಡಿ ಸಂದು ಎಷ್ಟು ಅಂತ ತಿಳಿಯೋದು) ಇಟ್ಟು ಕ್ಯಾಪ್ ಟೈಟ್ ಮಾಡಿ ಬಿಚ್ಚಿ, ನಡುವೆ ಕ್ರ್ಯಾಂಕ್ ತಿರುಗಿಸಬೇಡಿ, ತಿರುಗಿಸಿದ್ರೆ ಎಳೆ ಕಲಸಿ ಹೋಗತ್ತೆ. ಕ್ಲಿಯರೆನ್ಸು, ಟಾರ್ಕು ಎಲ್ಲಾ ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ, "ಕೈ ಅಂದಾಜು ಗೊತ್ತು ಸಾರ್" ಅನ್ನೋರ ಮಾತು ಇಲ್ಲಿ ಬೇಡ.

ಪವರ್ ಬಗ್ಗೆ ಆಸೆ ಇದ್ರೆ ಹೆಡ್ ಕಡೆ ನೋಡಿ. ವಾಲ್ವ್, ಪ್ಲಗ್ ಹಾಕಿ, ಅಂಚಿಗೆ ಗ್ರೀಸ್ ಸವರಿ, ಸಣ್ಣ ತೂತಿರೋ ಅಕ್ರಿಲಿಕ್ ಶೀಟ್ ಮುಚ್ಚಿ, ಮೆಡಿಕಲ್ ಶಾಪ್ ಸಿರಿಂಜಲ್ಲಿ ಸೀಮೆಎಣ್ಣೆ ಬಿಟ್ಟು ಒಂದೊಂದು ಚೇಂಬರ್ ಎಷ್ಟು ಸಿಸಿ ಅಂತ ಅಳೀರಿ. ನಾಲ್ಕೂ ಸಮ ಇರ್ಬೇಕು. ಒಂದು ಸಿಲಿಂಡರ್ ಸುಮಾರು 325 ಸಿಸಿ, ಆದ್ದರಿಂದ ಗ್ಯಾಸ್ಕೆಟ್ಟು, ಪಿಸ್ಟನ್ ತಲೆ ಎಲ್ಲಾ ಸೇರಿ ಮೇಲೆ ಉಳಿಯೋ ಜಾಗ 36 ಸಿಸಿ ಇದ್ರೆ ಕಂಪ್ರೆಷನ್ 10ಕ್ಕೆ 1 (325ಕ್ಕೆ 36 ಕೂಡಿಸಿ 36ರಿಂದ ಭಾಗಿಸಿ). ನಮ್ಮ ಬಂಕಿನ ಮಾಮೂಲಿ ಪೆಟ್ರೋಲ್‌ಗೆ ಅದಕ್ಕಿಂತ ಮೇಲೆ ಹೋಗ್ಬೇಡಿ, ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಇಂಜಿನ್ ಬಡಿದ ಹಾಗೆ ಸದ್ದು ಬರೋದು) ಶುರುವಾಗತ್ತೆ. ಹೆಡ್ಡಿನ ತಳ ಜಾಸ್ತಿ ಉಜ್ಜಿಸಿ ತೆಗೆಸಿದ್ರೆ ಅಥವಾ ಕ್ಯಾಮ್ ಬದಲಾಯ್ಸಿದ್ರೆ ಪಿಸ್ಟನ್ ಮೇಲೆ ಮಕ್ಕಳಾಡೋ ಕ್ಲೇ ಇಟ್ಟು, ಹೆಡ್ ಟೈಟ್ ಮಾಡಿ, ಟೈಮಿಂಗ್ ಬೆಲ್ಟ್ ಹಾಕಿ, ಕೈಯಲ್ಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ಆಮೇಲೆ ಬಿಚ್ಚಿ ಕ್ಲೇ ಕುಯ್ದು ದಪ್ಪ ನೋಡಿ. ಇನ್‌ಟೇಕ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಇದ್ರೆ ನೆಮ್ಮದಿ. ಅಂದ ಹಾಗೆ ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಸ್ಪೆಸಿಫಿಕೇಷನ್ ಬದಲಾಯ್ಸೋ ಹಂಗಿಲ್ಲ, ರೋಡಿಗೆ ಅಂದ್ರೆ ಸ್ಟಾಕ್ ಆಗೇ ಕಟ್ಟಿ.

ಸ್ಟಾರ್ಟ್ ಮಾಡೋ ದಿನ ಪ್ಲಗ್ ಬಿಚ್ಚಿ, ಫ್ಯೂಯಲ್ ಪಂಪ್ ಫ್ಯೂಸೂ ತೆಗೆದು, ಆಯಿಲ್ ಲೈಟ್ ಆರೋವರೆಗೂ ಕ್ರ್ಯಾಂಕ್ ಮಾಡಿ, ಆಮೇಲೇ ಪ್ಲಗ್ ಹಾಕಿ. ಶುರುವಾದ್ಮೇಲೆ ಗಂಟೆಗಟ್ಟಲೆ ಐಡ್ಲಿಂಗಲ್ಲಿ ಬಿಡಬೇಡಿ, ರಿಂಗ್ ಕೂರೋಕೆ ಲೋಡ್ ಬೇಕು. ಲೀಕ್ ಇಲ್ಲ ಅಂತ ನೋಡ್ಕೊಂಡು, ಖಾಲಿ ರೋಡಲ್ಲಿ ಮೂರನೇ ಗೇರಲ್ಲಿ ಅರ್ಧ ಥ್ರಾಟಲ್ ಕೊಟ್ಟು ಎಳೆದು, ಕಾಲು ಬಿಟ್ಟು ಇಂಜಿನ್ ಬ್ರೇಕಿಂಗಲ್ಲೇ ಇಳಿಸಿ, ಹಂಗೇ ಮಾಡ್ತಾ ಇರಿ. ಮೊದಲ ಆಯಿಲ್ ಬೇಗ ಚೇಂಜ್ ಮಾಡಿ, ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ನುಣ್ಣನೆ ಮಿನುಗು ಮಾಮೂಲಿ, ಉಗುರಿಗೆ ಸಿಗೋ ಚೂರುಗಳಿದ್ರೆ ಗಾಡಿ ಓಡಿಸ್ದೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಮೊದಲು ಬೇರಿಂಗ್ ನೋಡಿ.