ಶಾಲೆಯಲ್ಲಿ ಮೀಟರ್ ಹಿಡಿಯುವವರಿಗೆ ಒಂದೆರಡು ಮಾತು

ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದರೆ ತರಗತಿಯ ಕಿಟಕಿ ಎಲ್ಲಾ ಬಂದ್. ಮಧ್ಯಾಹ್ನ ಮಕ್ಕಳು ತೂಕಡಿಸಿದರೆ ಬಿಸಿಯೂಟವನ್ನೇ ದೂರಬೇಡಿ, ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಇರುತ್ತದೆ. ಒಳಗೆ 1000 ದಾಟಿದರೆ ಗಾಳಿ ಸರಿಯಾಗಿ ಓಡಾಡುತ್ತಿಲ್ಲ ಅಂತ ಲೆಕ್ಕ. ಎರಚಲು ಬಡಿಯದ ಕಡೆಯ ಕಿಟಕಿ ತೆಗೆದರೂ ಅಂಕಿ ಇಳಿಯುತ್ತದೆ. ಮೀಟರನ್ನು ಮುಖದ ಹತ್ತಿರ ಹಿಡಿಯಬೇಡಿ, ನಿಮ್ಮ ಉಸಿರನ್ನೇ ಅಳೆದುಬಿಡುತ್ತದೆ! ಮಕ್ಕಳು ಕೂತ ಎತ್ತರದಲ್ಲಿ, ಕಿಟಕಿಯಿಂದ ದೂರ ಇಡಿ.

ಬೆಳಕಿನ ಮೀಟರ್ ಆದರೆ ಬೆಂಚಿನ ಮೇಲೆ ಮಲಗಿಸಿ, ನಿಮ್ಮ ನೆರಳು ಬೀಳದ ಹಾಗೆ ಸರಿದು ನಿಲ್ಲಿ. ಓದು ಬರಹಕ್ಕೆ 300 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದರೆ ಒಳ್ಳೆಯದು.

ಕರೆಂಟಿನ ವಿಷಯ. ಮೊದಲ ದಿನ ನಾನು ಕ್ಲ್ಯಾಂಪ್ ಮೀಟರನ್ನು (ತಂತಿಯ ಸುತ್ತ ಕೊಂಡಿಯಂತೆ ಹಿಡಿದು ಕರೆಂಟ್ ಅಳೆಯುವುದು) ಇಡೀ ವೈರಿಗೆ ಸಿಕ್ಕಿಸಿ, ಸೊನ್ನೆ ಬಂತಲ್ಲ ಅಂತ ಸುಮ್ನೆ ಮೀಟರನ್ನು ಬೈದೆ. ಕರೆಂಟ್ ಹೋಗುವ ಫೇಸ್ ತಂತಿ, ವಾಪಸ್ ಬರುವ ನ್ಯೂಟ್ರಲ್ ತಂತಿ ಎರಡೂ ಒಳಗಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ, ಅಲ್ವಾ? ಒಂದೇ ತಂತಿ ಹಿಡಿಯಬೇಕು. ಬೋರ್ಡ್ ಬಿಚ್ಚುವುದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಸಾಕೆಟ್‌ಗೆ ಹಾಕುವ ಮೀಟರಿಗೆ ಈ ಗೋಳಿಲ್ಲ. ಶನಿವಾರ ಕಂಪ್ಯೂಟರ್ ಆಫ್ ಮಾಡಿ, ಈ ಮೀಟರಿಗೆ ಸಿಕ್ಕಿಸಿದ ಯುಪಿಎಸ್ ಮಾತ್ರ ಆನ್ ಇಟ್ಟು ಹೋಗಿ. ಎರಡು ರಾತ್ರಿ ಅದೊಂದೇ ಎಷ್ಟು ತಿಂದಿದೆ ಅಂತ ಸೋಮವಾರ ಮೀಟರೇ ಹೇಳುತ್ತದೆ.